ಮನೆ ಬಿಟ್ಟು ಬರಲಾಗದವರಿಗೆ ಒಂದು ಬಾಗಿನ

ಭಾದ್ರಪದ ಶುದ್ಧ ತದಿಗೆಯಂದು ಗೌರಿಯ ಪೂಜೆ ಮುಗಿದ ತರುವಾಯ ನಮ್ಮ ಹೆಣ್ಣುಮಕ್ಕಳು ಕೈಗೆತ್ತಿಕೊಳ್ಳುವ ಮೊರದ ಬಾಗಿನವನ್ನು ಒಮ್ಮೆಯಾದರೂ ಬಿಚ್ಚಿ ನೋಡಿದವರಿಗೆ, ಅದನ್ನು ಮೊದಲು ಕಲ್ಪಿಸಿದಾಕೆ ಯಾವ ಕಾಲದ ಯಾವ ಊರಿನವಳೇ ಆಗಿರಲಿ, ಗೃಹಕೃತ್ಯದ ಒಳಹೊರಗನ್ನು ಚೆನ್ನಾಗಿ ಬಲ್ಲವಳಾಗಿದ್ದಳೆಂಬುದರಲ್ಲಿ ಸಂದೇಹವುಳಿಯದು. ಅರಿಸಿನ ಬಳಿದ ಎರಡು ಬಿದಿರಿನ ಮೊರಗಳಲ್ಲಿ ಒಂದನ್ನು ಅಂಗಾತವಾಗಿರಿಸಿ, ಅದರೊಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಅಚ್ಚುಬೆಲ್ಲ, ಉಪ್ಪು, ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ, ಅಡಕೆ, ಬಳೆಬಿಚ್ಚೋಲೆ, ಪುಟ್ಟದೊಂದು ಕನ್ನಡಿ, ಬಾಚಣಿಗೆ, ರವಿಕೆಯ ಕಣ ಇವನ್ನೆಲ್ಲ ಒಪ್ಪವಾಗಿ ಜೋಡಿಸಿ, ಇನ್ನೊಂದು ಮೊರವನ್ನು ಅದರ ಮೇಲೆ ಬೋರಲು ಮುಚ್ಚಿ, ಸೆರಗಿನ ಮರೆಯಲ್ಲಿ ಹಿಡಿದು ಕೊಡುವುದು ಪದ್ಧತಿ. ಒಂದೆರಡು ದಿನದ ಅಡಿಗೆಗೆ ಬೇಕಾದುದು ಅದರಲ್ಲಿದೆ. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುವುದಕ್ಕೆ ಬೇಕಾದುದೂ ಇದೆ. ಎಲ್ಲವೂ ಖರ್ಚಾದ ಮೇಲೆ ಅಕ್ಕಿ ಕೇರುವುದಕ್ಕೆ ಮೊರವೇ ಉಳಿಯುತ್ತದೆ. ಹೊಟ್ಟೆಗೂ ಮನಸ್ಸಿಗೂ ಮನೆಗೂ ಒಟ್ಟಿಗೆ ಒದಗುವ ಇಂಥ ಕಾಣಿಕೆಯನ್ನು, ಈಗ ಹಬ್ಬ ಬಂತೆಂದರೆ ಅಂಗಡಿಗಳಲ್ಲಿ ಹೊಳೆಯುವ ಕಾಗದ ಸುತ್ತಿ ಮಾರುವ ಒಣಹಣ್ಣಿನ ಪೆಟ್ಟಿಗೆಗಳೊಡನೆ ಹೋಲಿಸಿದರೆ, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಗಾದೆ ನೆನಪಾಗದಿರದು.

ಆದರೆ ಇಷ್ಟು ವಿವೇಕದಿಂದ ತುಂಬಿದ ಮೊರವನ್ನು ಪಡೆಯುವ ಅಧಿಕಾರ ಮುತ್ತೈದೆಗೆ ಮಾತ್ರ ಮೀಸಲು. ತಾಯಿಗೆ, ಅತ್ತೆಗೆ, ಅತ್ತಿಗೆಗೆ, ನೆರೆಮನೆಯ ಸುಮಂಗಲಿಗೆ ಅದು ಸಲ್ಲುತ್ತದೆ. ಗಂಡನನ್ನು ಕಳೆದುಕೊಂಡು ಹಿಂದಿನ ಕೋಣೆಯನ್ನು ಸೇರಿದ ಮುದುಕಿಗೆ, ಮದುವೆಯಿಲ್ಲದೆ ಉಳಿದ ಸೋದರತ್ತೆಗೆ, ಹೆಂಡತಿ ತೀರಿಕೊಂಡ ಮೇಲೆ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತಿರುವ ನಿವೃತ್ತ ಮೇಷ್ಟರಿಗೆ, ಸೊಂಟದ ಮೂಳೆ ಮುರಿದು ಹಾಸಿಗೆಯನ್ನೇ ಪ್ರಪಂಚ ಮಾಡಿಕೊಂಡವರಿಗೆ ಅದು ಸಲ್ಲದು. ಯಾರ ಮನೆಯಲ್ಲಿ ಆ ದಿನ ಒಲೆ ಹೊತ್ತುವುದೋ ಅವರ ಮನೆಗೇ ಬೇಳೆ, ಯಾರ ಮನೆಗೆ ಜನ ಬರುವರೋ ಅವರ ಮನೆಗೇ ಜನ. ಆಚಾರವನ್ನು ಹಳಿಯುವುದಕ್ಕೆ ನಾನು ಹೊರಟಿಲ್ಲ. ಗೌರಿಯ ವ್ರತಕ್ಕೆ ಅದರದೇ ಆದ ಭಾವವುಂಟು, ಅದು ಹಾಗೆಯೇ ನಡೆಯಲಿ. ಆದರೆ ಮೊರ ಮಾಡುವ ಕೈ ಎರಡು ಮೊರಕ್ಕೆ ನಿಲ್ಲಬೇಕಾಗಿಲ್ಲ. ಇನ್ನೊಂದನ್ನು ಕಟ್ಟಿ, ಪೂಜೆಯ ಲೆಕ್ಕಕ್ಕೆ ಸೇರಿಸದೆ, ಹಬ್ಬ ಯಾರ ಹೊಸ್ತಿಲನ್ನು ದಾಟಿ ಒಳಗೆ ಬರುವುದಿಲ್ಲವೋ ಅವರ ಮನೆಗೆ ಕೊಂಡೊಯ್ಯುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ.

ಅಂಥವರು ಎಲ್ಲಿದ್ದಾರೆಂದು ಹುಡುಕಬೇಕಾಗಿಲ್ಲ. 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿದ್ದರು. ಆ ಬಳಿಕ ಆ ಸಂಖ್ಯೆ ಬೆಳೆದಿದೆಯೇ ಹೊರತು ಇಳಿದಿಲ್ಲ. ಮಲ್ಲೇಶ್ವರ, ಬಸವನಗುಡಿ, ಮೈಸೂರಿನ ಸರಸ್ವತೀಪುರ ಮೊದಲಾದ ಹಳೆಯ ಬಡಾವಣೆಗಳಲ್ಲಿ, ಮಕ್ಕಳು ಸಮುದ್ರದಾಚೆ ನೆಲೆಸಿದ ಮೇಲೆ ನಾಲ್ಕು ಕೋಣೆಯ ಮನೆಯಲ್ಲಿ ಒಂದು ದೀಪ ಮಾತ್ರ ಹೊತ್ತಿಸಿಕೊಂಡಿರುವವರು ಪ್ರತಿ ಬೀದಿಯಲ್ಲಿಯೂ ಸಿಗುತ್ತಾರೆ. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಮಂಡಿನೋವಿನವರೊಬ್ಬರಿದ್ದರೆ, ಅವರಿಗೂ ಬೀದಿಗೂ ನಡುವೆ ಇರುವುದು ಮೂವತ್ತು ನಲವತ್ತು ಮೆಟ್ಟಿಲುಗಳೇ ಆದರೂ, ವಾಸ್ತವದಲ್ಲಿ ಅವರು ಸೆರೆಮನೆಯವರೇ. ಮಲೆನಾಡಿನ ಕಥೆ ಇನ್ನೂ ಬೇರೆ: ತೀರ್ಥಹಳ್ಳಿ, ಕೊಪ್ಪ, ಶಿರಸಿಯ ಕಡೆ ಅಡಕೆ ತೋಟದ ಮಧ್ಯದ ಒಂಟಿಮನೆಗಳಲ್ಲಿ, ಹುಡುಗರೆಲ್ಲ ಬೆಂಗಳೂರು ಸೇರಿದ ಬಳಿಕ, ಇಬ್ಬರು ವೃದ್ಧರು ಮಾತ್ರ ಉಳಿದಿರುವುದೂ, ಆ ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರು ಗೋಡೆಯೊಡನೆ ಮಾತನಾಡುತ್ತ ಮಳೆಗಾಲ ಕಳೆಯುವುದೂ ಈಗ ಯಾರಿಗೂ ಹೊಸ ಸಂಗತಿಯಲ್ಲ.

ಏಕಾಂತವಾಸದ ಈ ದುಃಖವನ್ನು ರಾಜ್ಯಭಾರದ ವಿಷಯವೆಂದು ಹೊರದೇಶದವರು ತಡವಾಗಿಯಾದರೂ ಒಪ್ಪಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 2018ರಲ್ಲಿ ಒಂಟಿತನದ ಹೊಣೆಯನ್ನೇ ಒಬ್ಬ ಮಂತ್ರಿಗೆ ವಹಿಸಲಾಯಿತು. ಜಪಾನು 2021ರಲ್ಲಿ ಅದೇ ದಾರಿ ಹಿಡಿಯಿತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಡಾ. ವಿವೇಕ ಮೂರ್ತಿಯವರು ಒಂಟಿತನವನ್ನು ಸಾಂಕ್ರಾಮಿಕವೆಂದೇ ಕರೆದು, ಸಾಮಾಜಿಕ ಸಂಬಂಧದ ಅಭಾವವು ಧೂಮಪಾನದಂತೆಯೇ ಆಯುಸ್ಸನ್ನು ಕುಗ್ಗಿಸಬಲ್ಲದೆಂದು ಪ್ರಕಟಣೆ ಹೊರಡಿಸಿದರು. ಅವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಎಂಬುದು ನಮಗೆ ಸಂತೋಷದ ಸಂಗತಿ. ಮಂತ್ರಿಗಳೂ ಪ್ರಕಟಣೆಗಳೂ ತಮ್ಮ ಕೆಲಸವನ್ನು ತಾವು ಮಾಡಲಿ. ನಾನು ಹೇಳಹೊರಟಿರುವುದು ಒಂದು ಬುಟ್ಟಿಯ ವಿಚಾರ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಗಾದೆಯುಂಟಷ್ಟೆ. ಅದು ತೆಗೆದುಕೊಳ್ಳುವವನಿಗೆ ಹೇಳಿದ ಬುದ್ಧಿ. ಕೊಡುವವನಾದರೋ ತೆಗೆದುಕೊಳ್ಳುವವರ ಹಲ್ಲನ್ನು ಅವಶ್ಯವಾಗಿ ಎಣಿಸಬೇಕು. ಎಂಬತ್ತರ ಅಂಚಿನ ಅಜ್ಜನಿಗೆ ಗಟ್ಟಿ ಚಕ್ಕುಲಿ, ಕೋಡುಬಳೆ, ಇಡಿಯ ಬಾದಾಮಿ ಇವನ್ನು ತುಂಬಿ ಕಳಿಸುವುದು, ಕೊಕ್ಕರೆಯ ಮುಂದೆ ತಟ್ಟೆಯಲ್ಲಿ ಪಾಯಸವಿಟ್ಟ ನರಿಯ ಉಪಚಾರದಂತೆಯೇ ಸರಿ. ಸಂಕ್ರಾಂತಿಯ ಎಳ್ಳನ್ನೇ ತೆಗೆದುಕೊಳ್ಳೋಣ. ಹುರಿದ ಬಿಳಿಯ ಎಳ್ಳು, ಸಿಪ್ಪೆ ತೆಗೆದು ಬೇಳೆಯಾಗಿಸಿದ ಕಡಲೆಕಾಯಿ ಬೀಜ, ಹುರಿಗಡಲೆ, ಮೇಲಿನ ಕಂದು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚಿದ ಕೊಬ್ಬರಿ, ಅದೇ ಅಳತೆಗೆ ಕತ್ತರಿಸಿದ ಅಚ್ಚುಬೆಲ್ಲ: ಈ ಐದೂ ಸೇರಿದ ಮಿಶ್ರಣಕ್ಕೆ ಸಮನಾದುದು ಹಲ್ಲಿರುವವರಿಗೆ ಇನ್ನೊಂದಿಲ್ಲ. ಹಲ್ಲಿಲ್ಲದವರಿಗೆ ಅದು ಬರಿಯ ನೋಟದ ವಸ್ತು. ಕಟ್ಟಿದ ಹಲ್ಲಿನವರಿಗೋ ಎಳ್ಳಿನ ಕಾಳು ಅದರಡಿಗೆ ಸೇರಿ ಸಂಜೆಯವರೆಗೂ ಕಾಡುವ ಶತ್ರು. ಇದಕ್ಕೆ ಪರಿಹಾರವನ್ನು ಪೇಟೆಯಲ್ಲಿ ಹುಡುಕಬೇಕಾಗಿಲ್ಲ. ನಾಗರಪಂಚಮಿಗೆ ನಮ್ಮಲ್ಲಿ ಮಾಡುವ ಚಿಗಳಿ ಇದೆಯಲ್ಲ, ಎಳ್ಳನ್ನೂ ಬೆಲ್ಲವನ್ನೂ ಒರಳಿನಲ್ಲಿ ಹಾಕಿ, ಎಳ್ಳಿನ ಎಣ್ಣೆ ತಾನಾಗಿ ಬಿಟ್ಟುಕೊಂಡು ಬೆಲ್ಲದೊಡನೆ ಒಂದಾಗುವವರೆಗೆ ಕುಟ್ಟಿ ಕಟ್ಟಿದ ಉಂಡೆ, ಅದನ್ನೇ ಸಂಕ್ರಾಂತಿಗೂ ಮಾಡಿದರಾಯಿತು. ಪದಾರ್ಥ ಅದೇ, ಹಬ್ಬ ಅದೇ, ನಾಲಗೆಯ ಮೇಲಿಟ್ಟರೆ ಕರಗುತ್ತದೆ. ಹುರಿಗಡಲೆಯ ಹಿಟ್ಟಿಗೆ ಬೆಲ್ಲದ ಪಾಕವನ್ನೂ ತುಪ್ಪವನ್ನೂ ಬೆರೆಸಿದ ತಂಬಿಟ್ಟೂ ಅಷ್ಟೇ ಮೃದು. ಕಬ್ಬಿನ ಜಲ್ಲೆಯನ್ನು ಕೊಡುವುದಕ್ಕಿಂತ, ಹಿಂಡಿಸಿದ ಹಾಲನ್ನು ಒಂದು ಲೋಟದಷ್ಟು ಅಂದೇ ಒಯ್ದು ಕೊಡುವುದು ಮೇಲು.

ಸಿಹಿಯ ವಿಚಾರದಲ್ಲಿ ಇನ್ನೊಂದು ಭ್ರಮೆಯನ್ನು ಇಲ್ಲಿಯೇ ನಿವಾರಿಸಬೇಕು. ಬೆಲ್ಲ ಸಕ್ಕರೆಯಲ್ಲ, ಆದುದರಿಂದ ಮಧುಮೇಹದವರಿಗೆ ದೋಷವಿಲ್ಲವೆಂದು ನಂಬಿರುವ ಸಜ್ಜನರು ಅನೇಕ. ರಕ್ತವನ್ನು ಪರೀಕ್ಷಿಸುವ ಯಂತ್ರಕ್ಕೆ ಈ ನಂಬಿಕೆಯಲ್ಲಿ ಭಾಗವಿಲ್ಲ. ಅವರಿಗೆ ಹುರಿದ ಎಳ್ಳು, ಕಡಲೆ, ಕೊಬ್ಬರಿಗಳನ್ನು ಹೆಚ್ಚಾಗಿಸಿ, ಬೆಲ್ಲವನ್ನು ಶಾಸ್ತ್ರಕ್ಕೆಂಬಂತೆ ನಾಲ್ಕು ಚೂರು ಹಾಕಬಹುದು. ರಕ್ತದೊತ್ತಡವುಳ್ಳವರಿಗೆ ಉಪ್ಪಿನಕಾಯಿ ಹಪ್ಪಳಗಳ ಪ್ರೀತಿ ಬೇಡ. ಮೂತ್ರಪಿಂಡದ ಕಾಯಿಲೆಯಿಂದ ಪೊಟಾಸಿಯಂ ಬಿಡಬೇಕಾಗಿ ಬಂದವರಿಗೆ, ಎಲ್ಲರೂ ಅಮೃತವೆಂದು ಕೊಂಡಾಡುವ ಎಳನೀರು, ಬಾಳೆಹಣ್ಣು, ಕಿತ್ತಳೆಗಳೇ ಅಪಾಯಕರ. ಪಾರ್ಶ್ವವಾಯುವಾಗಿ ನುಂಗುವ ಶಕ್ತಿ ಕುಂದಿದವರಿಗೆ ಒಣ ಅವಲಕ್ಕಿಯಾಗಲಿ ಹುರಿಹಿಟ್ಟಾಗಲಿ ಗಂಟಲಿಗೆ ಸಿಕ್ಕಿ ಕೆಮ್ಮು ತರುವುದುಂಟು. ಅಂಥವರ ಮನೆಗೆ ಹೋಗುವ ಮುನ್ನ ಶುಶ್ರೂಷೆ ಮಾಡುವವರನ್ನು ಕೇಳಿಯೇ ತಿನಿಸನ್ನು ತೆಗೆದುಕೊಂಡು ಹೋಗತಕ್ಕದ್ದು. ರೋಗಿಯನ್ನು ನೋಡಲು ಹೋದವರೆಲ್ಲ ಒಂದೇ ಬಗೆಯ ಮಾಲ್ಟಿನ ಬಾಟಲಿಯನ್ನೂ ಒಂದು ಡಜನ್ ಮೋಸಂಬಿಯನ್ನೂ ಒಯ್ಯುವುದರಿಂದ, ಹಾಸಿಗೆಯ ಪಕ್ಕದ ಗೂಡಿನಲ್ಲಿ ಆರು ಬಾಟಲಿಗಳು ಸಾಲಾಗಿ ನಿಂತು, ರೋಗಿಯಾದವನು ಅವುಗಳನ್ನು ಮುಗಿಸುವುದಕ್ಕಾದರೂ ಬದುಕಬೇಕೆಂಬ ಒತ್ತಾಯ ಹೇರುವ ದೃಶ್ಯವನ್ನು ಯಾರು ನೋಡಿಲ್ಲ?

ಪ್ರಮಾಣವೂ ಮುಖ್ಯ. ನಮ್ಮ ಔದಾರ್ಯಕ್ಕೆ ಕೂಡುಕುಟುಂಬದ ಅಳತೆ ಇನ್ನೂ ಮರೆತಿಲ್ಲ, ಕೊಟ್ಟರೆ ಸೇರುಗಟ್ಟಲೆ. ಒಬ್ಬರೇ ಇರುವ ಮನೆಯಲ್ಲಿ ಹೆಚ್ಚಾದ ತಿಂಡಿ ಇರುವೆಯ ಪಾಲಾಗುವುದಲ್ಲದೆ, ‘ತಿನ್ನುವವರಾರು’ ಎಂಬ ಪ್ರಶ್ನೆಯನ್ನು ಗಂಟೆಗೊಮ್ಮೆ ಎಬ್ಬಿಸುತ್ತದೆ. ಅರ್ಧ ಪಾವು ಎಳ್ಳು, ನಾಲ್ಕು ಚಿಗಳಿ, ಎರಡು ಸಕ್ಕರೆ ಅಚ್ಚು, ಒಂದು ಹಿಡಿ ಬೋರೆಹಣ್ಣು ಸಾಕು.

ತಿನಿಸಿನಾಚೆಗೆ ಬುಟ್ಟಿಯಲ್ಲಿ ಏನಿರಬೇಕೆಂಬುದು ಆ ಮನುಷ್ಯನ ದಿನಚರಿಯನ್ನು ಬಲ್ಲವರಿಗೆ ಮಾತ್ರ ತಿಳಿಯುವ ಸಂಗತಿ. ಕೈಬೆರಳುಗಳು ಬಾಗಿದವರಿಗೆ ತಿರುಪಿನ ಮುಚ್ಚಳದ ಬಾಟಲಿ ಕೊಟ್ಟರೆ ಅದು ತೆರೆಯದ ಬಾಗಿಲೇ. ಒತ್ತಿ ಮುಚ್ಚುವ ಸಡಿಲ ಡಬ್ಬಿ ಕೊಡಿ. ಮಳೆಗಾಲದ ಗೌರಿಗೆ ಮಲೆನಾಡಿನ ಒಂಟಿಮನೆಗೆ ಕಳಿಸುವ ಬಾಗಿನದಲ್ಲಿ ಬಳೆಗಿಂತ ಬ್ಯಾಟರಿಯ ಸೆಲ್ಲು, ಗಾಳಿಯಾಡದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಒಂದು ಅಮೃತಾಂಜನ ಇದ್ದರೆ ಗೌರಿಯೇನೂ ಮುನಿಯಲಾರಳು. ಕಣ್ಣು ಮಂಜಾದವರಿಗೆ ಅಂಗೈಯಗಲದ ಅಂಕಿಗಳ ತಾರೀಖುಪಟ್ಟಿ. ಯುಗಾದಿಯ ಹೊತ್ತಿಗಾದರೆ ಒಂಟಿಕೊಪ್ಪಲ್ ಪಂಚಾಂಗ, ಏಕೆಂದರೆ ತಿಥಿ ನಕ್ಷತ್ರಗಳನ್ನು ನೋಡಿಕೊಂಡು ದಿನ ಕಳೆಯುವ ಅಭ್ಯಾಸವಿದ್ದವರಿಗೆ ಅದು ವರ್ಷದುದ್ದಕ್ಕೂ ಜತೆಗಾರ. ಮಕ್ಕಳ, ವೈದ್ಯರ, ಔಷಧಿ ಅಂಗಡಿಯ ದೂರವಾಣಿ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಹಿರಿಯರಿಗಾಗಿ ಸರಕಾರ ನಡೆಸುತ್ತಿರುವ ಸಹಾಯವಾಣಿಯ 14567 ಎಂಬ ಸಂಖ್ಯೆಯನ್ನೂ ಸೇರಿಸಿದ ಒಂದು ರಟ್ಟು. ಇದಕ್ಕೆ ಕಾಸು ತಗಲುವುದಿಲ್ಲ, ಆದರೂ ಬುಟ್ಟಿಯಲ್ಲಿರುವ ಅತ್ಯಂತ ಬೆಲೆಯುಳ್ಳ ವಸ್ತು ಅದೇ ಆಗಬಹುದು.

ಇವೆಲ್ಲಕ್ಕಿಂತ ನನಗೆ ಮುಖ್ಯವೆಂದು ತೋರುವುದು ಪಾತ್ರೆಯ ವಿಷಯ. ಪೇಟೆಯ ಬುಟ್ಟಿಯಾಗಲಿ ರಟ್ಟಿನ ಪೆಟ್ಟಿಗೆಯಾಗಲಿ ಒಮ್ಮೆ ಹೋದರೆ ಹೋಯಿತು. ಅದು ಕೊಟ್ಟವನ ಧರ್ಮಬುದ್ಧಿಗೆ ಒಂದು ರಸೀದಿ. ಸ್ಟೀಲಿನ ಡಬ್ಬಿ ಹಾಗಲ್ಲ. ಅದು ಹಿಂದಿರುಗಬೇಕು, ಹಿಂದಿರುಗುವಾಗ ಬರಿದಾಗಿ ಬರಕೂಡದೆಂಬ ಸಂಪ್ರದಾಯ ನಮ್ಮ ಮನೆಮನೆಗಳಲ್ಲಿಯೂ ಉಂಟು. ಕಡೆಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುವರು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಡೆಯಲಾಗದ ಒಬ್ಬ ಅಜ್ಜಿ ಇದ್ದಾರೆ. ಸಂಕ್ರಾಂತಿಯ ಡಬ್ಬಿಯನ್ನು ತರಲು ಹೋದಾಗ ಅವರು ಅದನ್ನು ತೊಳೆದು ಒರೆಸಿ, ಒಳಗೆ ಹಳೆಯ ಪಂಚಾಂಗದ ಹಾಳೆಯೊಂದನ್ನು ಹಾಸಿ, ಅದರ ಮೇಲೆ ಹೂಬತ್ತಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿಟ್ಟಿದ್ದರು. ಪಕ್ಕದಲ್ಲಿ ಗೆಜ್ಜೆವಸ್ತ್ರದ ಒಂದು ಸುರುಳಿ, ನಡುನಡುವೆ ಕುಂಕುಮದ ನೀರಿನ ಬೊಟ್ಟು. ‘ಇದೆಲ್ಲ ಏಕೆ ಅಜ್ಜಿ’ ಎಂದರೆ, ‘ಬರೀ ಡಬ್ಬಿ ಕೊಡಬಾರದು ಕಣಪ್ಪ. ಹತ್ತಿ ಮುಗಿದುಹೋಗಿತ್ತು, ಇಲ್ಲದಿದ್ದರೆ ಇನ್ನೂ ಮಾಡುತ್ತಿದ್ದೆ’ ಎಂದರು. ಮುಂದಿನ ಬುಟ್ಟಿಗೆ ಏನು ಹಾಕಬೇಕೆಂಬುದು ಅಲ್ಲಿಗೆ ನಿಶ್ಚಯವಾಯಿತು: ಒಂದು ಕಟ್ಟು ಹತ್ತಿ. ಈಗ ಆ ಬತ್ತಿಗಳು ಬೀದಿಯ ಹಲವು ಮನೆಗಳ ದೇವರ ಮುಂದೆ ಉರಿಯುತ್ತಿವೆ. ಅವರನ್ನು ‘ಬತ್ತಿ ಅಜ್ಜಿ’ ಎಂದು ಕರೆಯುವ ಮಕ್ಕಳು, ತಮ್ಮ ತಾಯಂದಿರು ಹೇಳದಿದ್ದರೂ ಅಲ್ಲಿಗೆ ಓಡುತ್ತಾರೆ. ಒಂಟಿಯಾಗಿರುವವರ ಕಷ್ಟವೆಂದರೆ ಯಾರೂ ಏನೂ ಕೊಡುವುದಿಲ್ಲವೆಂಬುದಕ್ಕಿಂತ ಹೆಚ್ಚಾಗಿ, ತಮ್ಮಿಂದ ಯಾರೂ ಏನನ್ನೂ ತೆಗೆದುಕೊಳ್ಳುವುದಿಲ್ಲವೆಂಬುದು. ಬಾಗಿನದಲ್ಲಿ ಕೊಡುವ ಕೈ ಪಡೆಯುವ ಕೈ ಎರಡೂ ಸಮಾನವಾಗಿದ್ದವು; ಈ ವರ್ಷ ಕೊಟ್ಟವಳು ಇನ್ನೊಬ್ಬರಿಂದ ಪಡೆಯುವವಳೂ ಆಗಿದ್ದಳು. ಬುಟ್ಟಿ ಭಿಕ್ಷೆಯಾಗದಿರಬೇಕಾದರೆ ಅದು ಮರಳಿ ಬರುವ ದಾರಿಯನ್ನು ನಾವೇ ತೆರೆದಿಡಬೇಕು. ಬತ್ತಿ ಹೊಸೆಯಲಾಗದವರು ಸಾರಿನ ಪುಡಿಯ ಹದವನ್ನು ಹೇಳಬಹುದು, ಹುಡುಗನಿಗೆ ಒಂದು ಲೆಕ್ಕ ತಿದ್ದಿಕೊಡಬಹುದು, ಸಂಪ್ರದಾಯದ ಒಂದು ಹಾಡನ್ನು ನೆನಪಿನಿಂದ ಬರೆಸಬಹುದು.

ಯಾವಾಗ ಕೊಡಬೇಕು? ಹಬ್ಬದ ದಿನ ನಮ್ಮ ಊಟ ಮುಗಿದು ಮಿಕ್ಕುದನ್ನು ಸಂಜೆ ಕಳಿಸುವುದು ರೂಢಿಯಾಗಿದೆ. ನನಗೆ ಇದು ಒಪ್ಪಿಗೆಯಿಲ್ಲ. ಮಾರುಕಟ್ಟೆಗೆ ಹೋಗಲಾಗದವರಿಗೆ ಹಬ್ಬದ ಹಿಂದಿನ ಸಂಜೆಯೇ ಮಾವಿನ ಸೊಪ್ಪು, ಬಿಡಿಹೂವು, ವೀಳ್ಯದೆಲೆ, ಒಂದು ತೆಂಗಿನಕಾಯಿ ತಲುಪಿದರೆ, ಮರುದಿನ ಅವರ ಬಾಗಿಲಿಗೂ ತೋರಣವಿರುತ್ತದೆ, ಅವರ ದೇವರಿಗೂ ಹೂವಿರುತ್ತದೆ. ಅವರು ನಮ್ಮ ಹಬ್ಬದ ಎಂಜಲನ್ನುಣ್ಣದೆ ತಮ್ಮ ಹಬ್ಬವನ್ನು ತಾವೇ ಮಾಡುತ್ತಾರೆ. ಇಸ್ಲಾಮಿನಲ್ಲಿ ರಂಜಾನಿನ ಫಿತ್ರ ದಾನವನ್ನು ಈದ್ ನಮಾಜಿಗೆ ಮುಂಚೆಯೇ ಸಲ್ಲಿಸಬೇಕೆಂಬ ನಿಯಮದ ಹಿಂದೆ ಇರುವುದು ಇದೇ ಸೂಕ್ಷ್ಮ: ಬಡವನ ಮನೆಯಲ್ಲಿಯೂ ಅದೇ ದಿನ ಹಬ್ಬವಾಗಲಿ ಎಂಬುದು. ಹೇಗೆ ಕೊಡಬೇಕೆಂಬುದಕ್ಕೂ ನಮ್ಮಲ್ಲಿ ಮಾದರಿಗಳುಂಟು. ಮಂಗಳೂರಿನ ಕ್ರೈಸ್ತರು ಕ್ರಿಸ್ಮಸ್ಸಿನ ಕಾಲಕ್ಕೆ ನೆವ್ರಿ, ಕಿಡಿಯೋ, ಗುಳಿಯೋ ಮೊದಲಾದ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ ಕುಸ್ವಾರ್ ಎಂದು ನೆರೆಹೊರೆಗೆ ಹಂಚುವಾಗ ಜಾತಿಮತವನ್ನು ಕೇಳುವುದಿಲ್ಲ. ಕರಾವಳಿಯ ಗೌಡಸಾರಸ್ವತ ಹೆಂಗಸರು ಶ್ರಾವಣದಲ್ಲಿ ಹೂವು ಗರಿಕೆಗಳ ಚೂಡಿಯನ್ನು ಕಟ್ಟಿ, ದೂರದಲ್ಲಿರುವ ಹಿರಿಯರಿಗೆ ಅಂಚೆಯಲ್ಲಿ ಕಳಿಸುವ ವಾಡಿಕೆಯಿದೆ. ಇನ್ನು ಉತ್ತರ ಕರ್ನಾಟಕದ ಬನ್ನಿಯಂತೂ ಖರ್ಚಿಲ್ಲದ ಕಾಣಿಕೆ: ವಿಜಯದಶಮಿಯ ಸಂಜೆ ಕಿರಿಯರು ತಾವಾಗಿ ಹಿರಿಯರ ಮನೆಗೆ ನಡೆದುಹೋಗಿ, ನಾಲ್ಕು ಎಲೆ ಕೈಯಲ್ಲಿಟ್ಟು, ಬಂಗಾರದಂತಿರೋಣವೆಂದು ಹೇಳಿ ಕಾಲಿಗೆರಗುತ್ತಾರೆ. ಹಿರಿಯರು ಕುಳಿತಲ್ಲಿಯೇ ಕುಳಿತಿರುತ್ತಾರೆ, ಊರೇ ಅವರಲ್ಲಿಗೆ ಬರುತ್ತದೆ. ಮನೆ ಬಿಟ್ಟು ಹೊರಡಲಾಗದವರಿಗೆ ಇದಕ್ಕಿಂತ ಅನುಕೂಲವಾದ ಹಬ್ಬವನ್ನು ಯಾವ ಮಂತ್ರಿಮಂಡಲವೂ ಕಲ್ಪಿಸಲಾರದು.

ಸಂಕೋಚದ ಒಂದೆರಡು ಪ್ರಸಂಗಗಳನ್ನು ಹೇಳದೆ ಬಿಡುವಂತಿಲ್ಲ. ವರ್ಷದೊಳಗೆ ಸಾವಾದ ಮನೆಯಲ್ಲಿ ವರ್ಷಾಂತಿಕ ಮುಗಿಯುವವರೆಗೆ ಹಬ್ಬ ಮಾಡದಿರುವುದು ಅನೇಕರ ಆಚಾರ. ಆ ಕಾರಣದಿಂದಲೇ ಎಲ್ಲರೂ ಆ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲಿಗೆ ತೋರಣದ ಸೊಪ್ಪನ್ನೂ ಹೋಳಿಗೆಯನ್ನೂ ಒಯ್ಯಬಾರದು ನಿಜ. ಹಣ್ಣು, ತರಕಾರಿ, ಒಂದು ಲೋಟ ಹಾಲನ್ನು ಒಯ್ದು ಅರ್ಧ ಗಂಟೆ ಕುಳಿತು ಬರುವುದಕ್ಕೆ ಸೂತಕವೇನೂ ಇಲ್ಲ. ವಿಧವೆಯರಿಗೆ ಅರಿಸಿನ ಕುಂಕುಮ ಹೂವುಗಳನ್ನು ಕೊಡಬೇಕೆ ಬೇಡವೆ ಎಂಬ ಚರ್ಚೆಯನ್ನು ನಾವು ಹೊರಗೆ ನಿಂತು ಮಾಡುವುದು ಉಚಿತವಲ್ಲ. ಹಾಕಿಕೊಳ್ಳುವವರುಂಟು, ಒಲ್ಲದವರೂ ಉಂಟು. ಬುಟ್ಟಿಯಲ್ಲಿ ಹೂವಿಟ್ಟು, ಮುಡಿಯುವುದನ್ನೋ ದೇವರಿಗೇರಿಸುವುದನ್ನೋ ಅವರಿಗೇ ಬಿಡುವುದು ಮರ್ಯಾದೆ. ನನ್ನ ಅಭಿಪ್ರಾಯ ಕೇಳಿದರೆ, ಇಡದಿರುವುದಕ್ಕಿಂತ ಇಡುವುದೇ ಸರಿ.

ಇನ್ನೊಂದು ವಿಷಯದಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇಲ್ಲ. ಹಬ್ಬದ ಹೊತ್ತಿಗೆ ವೃದ್ಧಾಶ್ರಮಗಳಿಗೂ ಒಂಟಿಮನೆಗಳಿಗೂ ಗುಂಪುಗುಂಪಾಗಿ ಬಂದು, ಒಂದೇ ಬಗೆಯ ಚೀಲವನ್ನು ಎಲ್ಲರ ಕೈಗೂ ಕೊಟ್ಟು, ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಛಾಯಾಚಿತ್ರ ತೆಗೆಸಿಕೊಂಡು, ಕಾಲು ಗಂಟೆಯೊಳಗೆ ಮುಂದಿನ ವಿಳಾಸಕ್ಕೆ ಹೊರಡುವ ಪರಿಪಾಠ ಬೆಳೆಯುತ್ತಿದೆ. ತೈತ್ತಿರೀಯ ಉಪನಿಷತ್ತು ದಾನದ ರೀತಿಗಳನ್ನು ಹೇಳುವಾಗ ಶ್ರದ್ಧೆಯೊಡನೆ ಲಜ್ಜೆಯನ್ನೂ ಎಣಿಸುತ್ತದೆ. ನಾಚಿಕೆಯಿಂದ ಕೊಡತಕ್ಕದ್ದನ್ನು ನಗುಮುಖದ ಚಿತ್ರಕ್ಕೆ ಒದಗಿಸುವುದು ಕೊಟ್ಟವರ ಹಬ್ಬವೇ ಹೊರತು ಪಡೆದವರದಲ್ಲ. ಚೀಲದ ಮೇಲೆ ದಾನಿಗಳ ಹೆಸರನ್ನು ಅಚ್ಚುಹಾಕಿಸುವ ಹಣದಲ್ಲಿ ಹತ್ತಿಯನ್ನೋ ಸೆಲ್ಲನ್ನೋ ಕೊಳ್ಳಬಹುದು.

ಸಂಕ್ರಾಂತಿಗೆ ಎಳ್ಳು ಬೀರುವವರು ಧನುರ್ಮಾಸ ಹುಟ್ಟುತ್ತಲೇ ಕೊಬ್ಬರಿ ಬೆಲ್ಲಗಳನ್ನು ಹೆಚ್ಚಿ ಬಿಸಿಲಿಗೆ ಹರಡುವುದು ವಾಡಿಕೆ. ಈ ಸಲ ಅದಕ್ಕೆ ಕುಳಿತುಕೊಳ್ಳುವ ಮೊದಲು, ನಿಮ್ಮ ಬೀದಿಯಲ್ಲಿ ಹೊರಗೆ ಬಾರದಿರುವವರು ಯಾರೆಂದು ಒಮ್ಮೆ ಯೋಚಿಸಿ, ಬರಿಗೈಯಲ್ಲಿಯೇ ಹೋಗಿ ಮಾತನಾಡಿಸಿ, ಹಲ್ಲು ಹೇಗಿದೆ, ಸಕ್ಕರೆ ಎಷ್ಟಿದೆ, ಮನೆಯಲ್ಲಿ ಏನು ಮುಗಿದಿದೆ ಎಂದು ಕೇಳಿಕೊಂಡು ಬನ್ನಿ. ಬುಟ್ಟಿಯ ಪಟ್ಟಿಯನ್ನು ಆಮೇಲೆ ಬರೆಯಿರಿ. ಹಬ್ಬವಾಗಿ ಒಂದು ವಾರದೊಳಗೆ ಡಬ್ಬಿಯನ್ನು ತರಲು ನೀವೇ ಹೋಗಿ, ಹುಡುಗನನ್ನು ಕಳಿಸಬೇಡಿ.